ಫಿಫ್ತ್ ವೀಲ್ ಕ್ಯಾಂಪರ್‌ಗೆ ಕುಲುಕು ತಡೆಯೋ ಹಿಚ್: ಏರ್ ಬ್ಯಾಗೋ ರಬ್ಬರೋ ಅನ್ನೋದಕ್ಕೆ ಮುಂಚಿನ ಲೆಕ್ಕ

ಇವತ್ತಿನ ವಿಷಯ ನಮ್ಮ ರಸ್ತೆಗಳದ್ದಲ್ಲ, ಅಮೆರಿಕದ್ದು. ಆದರೆ ಪುಣೆ, ಹೈದರಾಬಾದ್, ಚೆನ್ನೈ ಆಫೀಸಿಂದ ಆನ್‌ಸೈಟ್ ಅಂತ ಹೋಗಿ ಅಲ್ಲೇ ನೆಲೆ ನಿಂತ ಒಬ್ಬ ಅಣ್ಣನೋ, ಭಾವನೋ, ಹಳೇ ಟೀಮ್‌ನವರೋ ನಮ್ಮಲ್ಲಿ ಬಹಳ ಜನಕ್ಕೆ ಇದ್ದಾರೆ. ಅಂಥವರಲ್ಲಿ ಯಾರಾದ್ರೂ ಪಿಕಪ್ ಟ್ರಕ್ ತಗೊಂಡು, ಅದರ ಹಿಂದೆ ಮನೆಯಂಥ ದೊಡ್ಡ ಕ್ಯಾಂಪರ್ ಕಟ್ಟಿಕೊಂಡು ಹೊರಟರೆ, ಸ್ವಲ್ಪ ದಿನಕ್ಕೇ ಒಂದು ಪ್ರಶ್ನೆ ಬರುತ್ತೆ: "ಟ್ರಕ್ ತುಂಬಾ ಕುಲುಕುತ್ತೆ. ಏರ್ ಬ್ಯಾಗ್ ಇರೋ ಹಿಚ್ ತಗೊಳ್ಳಲಾ, ರಬ್ಬರ್ ಇರೋದು ತಗೊಳ್ಳಲಾ?"

ನೇರ ಉತ್ತರ ಇದು: ಅದು ಮೂರನೇ ಪ್ರಶ್ನೆ. ಮೊದಲನೇದು ತೂಕ, ಎರಡನೇದು ಸಡಿಲ. ಈ ಎರಡಕ್ಕೆ ಉತ್ತರ ಸಿಗದೆ ದುಬಾರಿ ಹಿಚ್ ತಂದರೆ ತೊಂದರೆ ಹೋಗಲ್ಲ, ಮರೆಯಾಗುತ್ತೆ ಅಷ್ಟೆ. ಗಂಟೆಗೆ 60 ಮೈಲಿ ವೇಗದಲ್ಲಿ ಐದು ಟನ್ ಹಿಂದೆ ಕಟ್ಟಿಕೊಂಡು ಹೋಗೋವಾಗ, ಮರೆಯಾದ ತೊಂದರೆ ಕಣ್ಣಿಗೆ ಕಾಣೋ ತೊಂದರೆಗಿಂತ ಅಪಾಯ.

ಐದನೇ ಚಕ್ರ ಅಂದ್ರೆ ಯಾವುದು?

ಈ ಹೆಸರು ಕುದುರೆ ಗಾಡಿಯ ಕಾಲದ್ದು. ಸಾರೋಟಿನ ಮುಂದಿನ ಅಚ್ಚು ಎಡಕ್ಕೆ ಬಲಕ್ಕೆ ತಿರುಗಲಿ ಅಂತ, ಅದರ ಮೇಲೆ ಬಳೆಯಂಥ ಒಂದು ಚಕ್ರವನ್ನ ಮಲಗಿಸಿ ಇಡ್ತಿದ್ದರು. ನಾಲ್ಕು ಚಕ್ರ ನೆಲದ ಮೇಲೆ, ಐದನೇದು ಅಡ್ಡಡ್ಡ. ಅದೇ ಹೆಸರು ಲಾರಿಗಳಿಗೂ ಬಂತು.

ನವಶೇವಾ ಬಂದರಿಂದ ಪುಣೆ ಕಡೆ ಬರೋ ಕಂಟೇನರ್ ಟ್ರೈಲರ್‌ಗಳನ್ನ ನೋಡೇ ಇರ್ತೀರಿ. ಟ್ರೈಲರ್ ಬಿಚ್ಚಿದ ಮೇಲೆ ಮುಂದಿನ ಗಾಡಿಯ ಬೆನ್ನ ಮೇಲೆ ಗ್ರೀಸ್ ಮೆತ್ತಿದ ಒಂದು ದಪ್ಪ ತಟ್ಟೆ ಕಾಣುತ್ತಲ್ಲ, ಅದೇ ಫಿಫ್ತ್ ವೀಲ್. ಟ್ರೈಲರ್ ಕೆಳಗೆ ಇಳಿಬಿದ್ದಿರೋ ಉಕ್ಕಿನ ಗೂಟ ಕಿಂಗ್‌ಪಿನ್. ಗೂಟ ತಟ್ಟೆಯ ಸೀಳಿನೊಳಗೆ ಜಾರಿ ಕೂತು, ಅದರ ಸುತ್ತ ದವಡೆ ಮುಚ್ಚಿಕೊಳ್ಳುತ್ತೆ.

ಅಮೆರಿಕದ ಫಿಫ್ತ್ ವೀಲ್ ಕ್ಯಾಂಪರ್ ಇದರದೇ ಚಿಕ್ಕ ರೂಪ. ಕಿಂಗ್‌ಪಿನ್ 2 ಇಂಚು ದಪ್ಪ. ತಟ್ಟೆ ಮತ್ತು ದವಡೆ ಇರೋ ಹಿಚ್ ಪಿಕಪ್ ಟ್ರಕ್ಕಿನ ಬೆಡ್ ಒಳಗೆ, ಹಿಂದಿನ ಅಚ್ಚಿನ ನೇರಕ್ಕೆ ಅಥವಾ ಸ್ವಲ್ಪ ಮುಂದಕ್ಕೆ ಕೂರುತ್ತೆ. ಕ್ಯಾಂಪರ್ ಮೂತಿಯಲ್ಲಿ ಕಿಂಗ್‌ಪಿನ್ ಹಿಡಿದಿರೋ ಉಕ್ಕಿನ ಡಬ್ಬಕ್ಕೆ ಪಿನ್ ಬಾಕ್ಸ್ ಅಂತಾರೆ. ಈ ಎರಡು ಹೆಸರು ನೆನಪಿರಲಿ. ಕುಷನ್ ಹಾಕೋಕೆ ಮುಖ್ಯವಾಗಿ ಇರೋ ಜಾಗ ಇವೆರಡೇ: ಟ್ರಕ್ ಕಡೆಯ ಹಿಚ್, ಇಲ್ಲವೇ ಕ್ಯಾಂಪರ್ ಕಡೆಯ ಪಿನ್ ಬಾಕ್ಸ್.

ಹಿಂದಿನ ಬಂಪರ್‌ ಕೆಳಗೆ ಗುಂಡು ಹಾಕಿ ಎಳೆಯೋ ಟ್ರೈಲರ್‌ಗಿಂತ ಇದು ಸ್ಥಿರ, ಬಾಲ ಅಲ್ಲಾಡಿಸೋದು ಕಡಿಮೆ. ಆದರೆ ಭಾರ ಜಾಸ್ತಿ. ಬಂಪರ್ ಟ್ರೈಲರ್‌ನಲ್ಲಿ ಒಟ್ಟು ತೂಕದ ಶೇ. 10ರಿಂದ 15 ಟ್ರಕ್ ಮೇಲೆ ಬಿದ್ದರೆ, ಫಿಫ್ತ್ ವೀಲ್‌ನಲ್ಲಿ ಶೇ. 15ರಿಂದ 25 ಬೀಳುತ್ತೆ. ಇದನ್ನ ಪಿನ್ ವೆಯ್ಟ್ ಅಂತಾರೆ.

ಕುಷನ್ ಹಾಕೋ ಯೋಚನೆಯೂ ಹೊಸದಲ್ಲ. ವಿಮಾನ ತಯಾರಿಕೆಯ ಮೊದಲ ತಲೆಮಾರಿನ ಗ್ಲೆನ್ ಕರ್ಟಿಸ್ 1920ರ ದಶಕದ ಕೊನೆಯಲ್ಲಿ ಏರೋಕಾರ್ ಅನ್ನೋ ಟ್ರೈಲರ್ ಮಾಡಿದಾಗ, ಎಳೆಯೋ ಕಾರಿನ ಹಿಂಭಾಗದಲ್ಲಿ ಗಾಳಿ ತುಂಬಿದ ಒಂದು ಟೈರನ್ನ ಅಡ್ಡಲಾಗಿ ಮಲಗಿಸಿ, ಟ್ರೈಲರ್‌ನ ಗೂಟ ಅದರ ನಡುವೆ ಕೂರೋ ಹಾಗೆ ಮಾಡಿದ್ದರು. ಗಾಳಿಯೇ ಕುಷನ್.

ಕುಲುಕು ಎರಡು ದಿಕ್ಕಿಂದ ಬರುತ್ತೆ

ಕುಲುಕು ಅಂದ ಕೂಡಲೇ ಎಲ್ಲವನ್ನೂ ಒಂದೇ ಅಂದ್ಕೋಬೇಡಿ. ಒಂದು, ಮೇಲೆ ಕೆಳಗೆ ಆಗೋದು: ರಸ್ತೆಯ ಉಬ್ಬು, ಸೇತುವೆಯ ಜಾಯಿಂಟ್, ಕಾಂಕ್ರೀಟ್ ಚಪ್ಪಡಿಗಳ ನಡುವಿನ ಗೀರು. ಇನ್ನೊಂದು, ಹಿಂದೆ ಮುಂದೆ ಆಗೋದು: ಯಾರೋ ಸೀಟಿನ ಬೆನ್ನಿಗೆ ಗುದ್ದಿದ ಹಾಗೆ, ಮರುಕ್ಷಣ ಹಿಂದಕ್ಕೆ ಎಳೆದ ಹಾಗೆ. ಅಲ್ಲಿನವರು ಇದಕ್ಕೆ ಚಕಿಂಗ್ ಅಂತಾರೆ. ಕ್ಯಾಂಪರ್ ಎಳೆಯೋರು ಹೆಚ್ಚಾಗಿ ದೂರೋದು ಈ ಎರಡನೇದನ್ನೇ.

ನಮಗೆ ಇದು ಗೊತ್ತಿರೋದೇ. ಎಲ್‌ಎಚ್‌ಬಿ ಕೋಚ್ ಬಂದ ಹೊಸದರಲ್ಲಿ, ರೈಲು ಹೊರಡೋವಾಗ ನಿಲ್ಲೋವಾಗ ಮೇಲಿನ ಬರ್ತ್‌ನಲ್ಲಿ ಮಲಗಿದ್ದವರಿಗೂ ಎಚ್ಚರ ಆಗೋ ಹಾಗೆ ಜರ್ಕ್ ಬರ್ತಿತ್ತು, ನೆನಪಿದೆಯಾ? ಬೋಗಿಯ ಸ್ಪ್ರಿಂಗ್ ಒಳ್ಳೇದೇ ಇತ್ತು. ತೊಂದರೆ ಇದ್ದದ್ದು ಬೋಗಿ ಬೋಗಿ ನಡುವಿನ ಕಪ್ಲರ್‌ನಲ್ಲಿ. ಅದಕ್ಕೇ ರೈಲ್ವೆಯವರು ಆಮೇಲೆ ಬ್ಯಾಲೆನ್ಸ್ಡ್ ಡ್ರಾಫ್ಟ್ ಗೇರ್ ಅಂತ ಹಾಕಿದರು. ಸೀಟಿಗೆ ಇನ್ನಷ್ಟು ಹತ್ತಿ ತುಂಬಿದ್ದರೆ ಆ ಜರ್ಕ್ ಹೋಗ್ತಿರಲಿಲ್ಲ.

ಹಿಚ್ ವಿಷಯವೂ ಹಾಗೇ. ಮೇಲೆ ಕೆಳಗಿನ ಕುಲುಕಿಗೆ ಮಾಡಿದ ಏರ್ ಬ್ಯಾಗನ್ನ, ಹಿಂದೆ ಮುಂದಿನ ಜರ್ಕ್‌ಗೆ ಔಷಧಿ ಅಂತ ಕೊಂಡರೆ ಪೂರ್ತಿ ಗುಣ ಆಗಲ್ಲ. ಆದ್ದರಿಂದ ಒಂದು ದಿನ ಗಮನ ಇಟ್ಟು ನೋಡಿ. ಕಪ್‌ನಲ್ಲಿರೋ ಕಾಫಿ ಮೇಲಕ್ಕೆ ಹಾರುತ್ತಾ, ಮುಂದೆ ಹಿಂದೆ ತುಳುಕುತ್ತಾ? ಬ್ರೇಕ್ ಒತ್ತಿದಾಗ ಹೆಚ್ಚಾ, ಸಮ ವೇಗದಲ್ಲಿ ಹೋಗೋವಾಗ ಹೆಚ್ಚಾ? ಡಾಂಬರಿನ ಮೇಲೆ ಇಲ್ಲದ್ದು ಕಾಂಕ್ರೀಟ್ ಮೇಲೆ ಮಾತ್ರ ಬರುತ್ತಾ? ಈ ಮೂರು ಉತ್ತರ ಇಲ್ಲದೆ ಅಂಗಡಿಗೆ ಹೋಗಬೇಡಿ.

ಮೊದಲ ಪ್ರಶ್ನೆ: ತೂಕ

ಟ್ರಕ್ ಜಾಹೀರಾತಿನಲ್ಲಿ "ಇಷ್ಟು ಸಾವಿರ ಪೌಂಡ್ ಎಳೆಯುತ್ತೆ" ಅಂತ ದೊಡ್ಡ ಅಕ್ಷರದಲ್ಲಿ ಇರುತ್ತೆ. ಫಿಫ್ತ್ ವೀಲ್‌ಗೆ ಅದಕ್ಕಿಂತ ಮುಖ್ಯ ಡ್ರೈವರ್ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿರೋ ಚೀಟಿ. ಒಳಗೆ ಕೂತ ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತೆ. ಅದೇ ಪೇಲೋಡ್. ಡ್ರೈವರ್ ತೂಕವೂ ಅದರೊಳಗೇ.

ಒಂದು ಲೆಕ್ಕ ಹಾಕೋಣ. ಕ್ಯಾಂಪರ್ ತುಂಬಿದಾಗ 12,000 ಪೌಂಡ್, ಅಂದ್ರೆ ಸುಮಾರು 5,440 ಕೆಜಿ. ಪಿನ್ ವೆಯ್ಟ್ ಶೇ. 20 ಅಂದ್ಕೊಂಡರೆ 2,400 ಪೌಂಡ್. ಟ್ರಕ್ಕಿನಲ್ಲಿ ಗಂಡ ಹೆಂಡತಿ, ಊರಿಂದ ಬಂದಿರೋ ಅಪ್ಪ ಅಮ್ಮ, ನಾಲ್ಕು ಜನಕ್ಕೆ 600. ಮಾಮೂಲಿ ಉಕ್ಕಿನ ಹಿಚ್ 150. ಟೂಲ್ ಬಾಕ್ಸ್, ಕೂಲರ್, ಚಿಲ್ಲರೆ ಸಾಮಾನು 100. ಒಟ್ಟು 3,250 ಪೌಂಡ್.

ಈಗ 2500 ವರ್ಗದ ಒಂದು ಡೀಸೆಲ್ ಟ್ರಕ್‌ನ ಚೀಟಿಯಲ್ಲಿ 2,300 ಅಂತ ಇದೆ ಅಂದ್ಕೊಳ್ಳಿ. ಆ ಟ್ರಕ್ 12,000 ಪೌಂಡ್ ಎಳೆಯೋದು ನಿಜ, ಎಂಜಿನ್‌ಗೆ ಆ ಶಕ್ತಿ ಇದೆ. ಆದರೆ ಬೆನ್ನಿಗೆ 950 ಪೌಂಡ್, ಅಂದ್ರೆ 430 ಕೆಜಿ ಹೆಚ್ಚಾಯ್ತು. ಡೀಸೆಲ್ ಎಂಜಿನ್ನೇ ಭಾರ ಇರೋದರಿಂದ ಈ ವರ್ಗದಲ್ಲಿ ಹೀಗಾಗೋದು ಅಪರೂಪ ಅಲ್ಲ.

ಇದಕ್ಕೆ ಏರ್ ಬ್ಯಾಗ್ ಹಿಚ್ ಹಾಕಿದರೆ? ಅಂಥ ಹಿಚ್‌ಗಳಲ್ಲಿ 200 ಪೌಂಡ್ ಮೀರೋವೂ ಇವೆ. ಅಂದ್ರೆ ಹೆಚ್ಚುವರಿ ಭಾರ ಇನ್ನೂ ಹೆಚ್ಚಾಗುತ್ತೆ, ಕುಲುಕು ಮಾತ್ರ ಕಡಿಮೆ ಆಗುತ್ತೆ. ಗಾಡಿ ಹಿತವಾಗಿ ಓಡ್ತಿದೆ ಅನ್ಸುತ್ತೆ, ಹಿಂದಿನ ಟೈರು ಮತ್ತು ಅಚ್ಚು ಮಾತ್ರ ತಮ್ಮ ಮಿತಿ ಮೀರಿ ದುಡೀತಿರ್ತವೆ. ಯಾವ ಕುಷನ್ನೂ ಪೇಲೋಡ್ ಹೆಚ್ಚಿಸಲ್ಲ. ಟ್ರಕ್ಕಿನ ಸ್ಪ್ರಿಂಗ್‌ಗೆ ಆಸರೆಯಾಗಿ ಹಾಕೋ ಏರ್ ಬ್ಯಾಗ್‌ಗೂ ಇದೇ ಮಾತು: ಹಿಂಭಾಗ ತಗ್ಗೋದನ್ನ ಅದು ಎತ್ತುತ್ತೆ, ಚೀಟಿಯ ಸಂಖ್ಯೆಯನ್ನ ಎತ್ತಲ್ಲ.

ಅಂದಾಜಿನ ಮೇಲೆ ನಿಲ್ಲೋದೂ ಬೇಡ. ಕಂಪನಿ ಬರೆಯೋ ಡ್ರೈ ಪಿನ್ ವೆಯ್ಟ್ ಖಾಲಿ ಕ್ಯಾಂಪರ್‌ನದು. ಒಂದು ಗ್ಯಾಲನ್ ನೀರೇ 8.34 ಪೌಂಡ್. 60 ಗ್ಯಾಲನ್ ಟ್ಯಾಂಕ್ ತುಂಬಿದರೆ 500 ಪೌಂಡ್. ಟ್ಯಾಂಕ್ ಎಲ್ಲಿದೆ ಅನ್ನೋದರ ಮೇಲೆ ಪಿನ್ ಭಾರವೂ ಬದಲಾಗುತ್ತೆ. ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅನ್ನೋ ತೂಕದ ಕಟ್ಟೆ ಇರುತ್ತೆ. ಕ್ಯಾಂಪರ್ ಕಟ್ಟಿಕೊಂಡು ಒಮ್ಮೆ ತೂಗಿ, ಟ್ರಕ್ಕಿನ ಎರಡೂ ಅಚ್ಚಿನ ತೂಕ ಕೂಡಿಸಿ. ಆಮೇಲೆ ಅದೇ ಜನ, ಅದೇ ಸಾಮಾನು ಇಟ್ಟುಕೊಂಡು ಕ್ಯಾಂಪರ್ ಇಲ್ಲದೆ ತೂಗಿ. ವ್ಯತ್ಯಾಸವೇ ನಿಮ್ಮ ನಿಜವಾದ ಪಿನ್ ವೆಯ್ಟ್. ಮುಂದೆ ಕುಷನ್ ಆರಿಸೋಕೂ ಇದೇ ಸಂಖ್ಯೆ ಬೇಕು.

ಎರಡನೇ ಪ್ರಶ್ನೆ: ಸಡಿಲ

ಬಾಗಿಲ ಚಿಲಕ ಸಡಿಲ ಇದ್ದರೆ ಗಾಳಿ ಬಂದಾಗಲೆಲ್ಲ ಬಾಗಿಲು ಪಟಪಟ ಬಡಿಯುತ್ತೆ. ಮುಂದೆ ಪರದೆ ಕಟ್ಟಿದರೆ ಸದ್ದು ಕಡಿಮೆ ಆಗಬಹುದು, ಬಡಿತ ನಿಲ್ಲಲ್ಲ. ಕಿಂಗ್‌ಪಿನ್‌ಗೂ ದವಡೆಗೂ ನಡುವೆ 3 ಮಿಲಿಮೀಟರ್ ಜಾಗ ಇದ್ದರೂ ಸಾಕು. ಕ್ಯಾಂಪರ್ ಮೊದಲು ಆ ಜಾಗದಲ್ಲಿ ಓಡಿ ಬಂದು, ಆಮೇಲೆ ಉಕ್ಕಿಗೆ ಗುದ್ದುತ್ತೆ. ನಿಧಾನವಾಗಿ ತಳ್ಳೋದಕ್ಕೂ ಓಡಿ ಬಂದು ಗುದ್ದೋದಕ್ಕೂ ಇರೋ ವ್ಯತ್ಯಾಸವೇ ಚಕಿಂಗ್.

ಆದ್ದರಿಂದ ಹಿಚ್ ನೋಡೋವಾಗ ಮೊದಲು ದವಡೆ ನೋಡಿ. ಅಗ್ಗದ ಕೆಲವು ಹಿಚ್‌ಗಳಲ್ಲಿ ಒಂದು ಸರಳು ಅಡ್ಡ ಬಂದು ಗೂಟವನ್ನ ತಡೆಯುತ್ತೆ. ಅಲ್ಲಿ ಜಾಗ ಉಳಿಯೋದು ಹೆಚ್ಚು. ಎರಡು ಕಡೆಯಿಂದ ಬಂದು ಗೂಟವನ್ನ ತಬ್ಬೋ ಜೋಡಿ ದವಡೆಯಲ್ಲಿ ಸಡಿಲ ಕಡಿಮೆ. ತಲೆ ಮುಂದೆ ಹಿಂದೆ ಮಾತ್ರ ಅಲ್ಲದೆ ಪಕ್ಕಕ್ಕೂ ವಾಲೋ ಹಾಗಿದ್ದರೆ, ಒಂದು ಚಕ್ರ ಹಳ್ಳಕ್ಕೆ ಇಳಿದಾಗ ಟ್ರಕ್ ಮೇಲೆ ಬೀಳೋ ತಿರುಚು ಕೂಡ ಕಡಿಮೆ. ಹಿಚ್ ಮೇಲೆ ಎಸ್‌ಎಇ ಜೆ2638 ಅನ್ನೋ ಮಾನದಂಡದ ಉಲ್ಲೇಖ ಇದೆಯಾ ಅಂತಲೂ ನೋಡಿ. ಅದು 30,000 ಪೌಂಡ್‌ವರೆಗಿನ ಫಿಫ್ತ್ ವೀಲ್ ಜೋಡಣೆಗಳ ಪರೀಕ್ಷೆಗೆ ಇರೋದು.

ಹಿಚ್ ಬದಲಿಸದೆ ಹೋಗೋ ಜರ್ಕ್ ಕೂಡ ಇದೆ. ಕ್ಯಾಂಪರ್‌ನ ಎಲೆಕ್ಟ್ರಿಕ್ ಬ್ರೇಕ್ ಎಷ್ಟು ಹಿಡೀಬೇಕು ಅನ್ನೋದನ್ನ ಟ್ರಕ್ ಒಳಗಿನ ಬ್ರೇಕ್ ಕಂಟ್ರೋಲರ್‌ನ ಗೇನ್ ನಿರ್ಧರಿಸುತ್ತೆ. ಅದು ಕಡಿಮೆ ಇದ್ದರೆ ಟ್ರಕ್ ನಿಲ್ಲುತ್ತೆ, ಕ್ಯಾಂಪರ್ ನಿಲ್ಲಲ್ಲ, ಬಂದು ತಳ್ಳುತ್ತೆ. ಖಾಲಿ ಜಾಗದಲ್ಲಿ ನಿಧಾನವಾಗಿ ಹೋಗುತ್ತಾ, ಕಂಟ್ರೋಲರ್‌ನ ಕೈ ಗುಂಡಿಯಿಂದ ಕ್ಯಾಂಪರ್ ಬ್ರೇಕ್ ಮಾತ್ರ ಹಿಡಿದು, ಚಕ್ರ ಲಾಕ್ ಆಗೋದಕ್ಕೆ ಸ್ವಲ್ಪ ಕೆಳಗೆ ಗೇನ್ ಹೊಂದಿಸಿ. ಕ್ಯಾಂಪರ್ ಮಟ್ಟವಾಗಿ ನಿಂತಿದೆಯಾ, ಟೈರಿನ ಗಾಳಿ ಸರಿ ಇದೆಯಾ, ಎರಡು ಅಚ್ಚಿನ ನಡುವಿನ ಈಕ್ವಲೈಜರ್‌ನ ಬುಷ್ ಸವೆದಿದೆಯಾ ನೋಡಿ. ಸಾಮಾನು ಹಿಂದೆ ಹೆಚ್ಚಾಗಿ ಪಿನ್ ಮೇಲೆ ಭಾರ ಶೇ. 15ಕ್ಕಿಂತ ಕೆಳಗೆ ಇಳಿದಿದ್ದರೂ ಕ್ಯಾಂಪರ್ ಮೂತಿ ಕುಣಿಯುತ್ತೆ. ಇವುಗಳಲ್ಲಿ ಹೆಚ್ಚಿನವಕ್ಕೆ ಖರ್ಚು ಇಲ್ಲ, ಇದ್ದರೂ ಕಡಿಮೆ.

ಮೂರನೇ ಪ್ರಶ್ನೆ: ಎಂಥ ಸ್ಪ್ರಿಂಗ್?

ತೂಕ ಸರಿ, ಜೋಡಣೆ ಬಿಗಿ, ಆದರೂ ಕುಲುಕು ಉಳಿದಿದೆ. ಈಗ ಕುಷನ್ ಮಾತು. ವಿಡಿಯೊದಲ್ಲಿ ಬೋರ್ಡ್ ಮೇಲೆ ಹಾಕಿದ ಲೆಕ್ಕವನ್ನ ಇಲ್ಲಿ ಮಾತಲ್ಲಿ ಹೇಳ್ತೀನಿ.

ಅಮೆರಿಕದ ಕಾಂಕ್ರೀಟ್ ರಸ್ತೆಗಳಲ್ಲಿ ಸಾಮಾನ್ಯವಾಗಿ ಸುಮಾರು 15 ಅಡಿಗೆ ಒಂದು ಜಾಯಿಂಟ್. ಗಂಟೆಗೆ 60 ಮೈಲಿ ಅಂದ್ರೆ ಸೆಕೆಂಡಿಗೆ 88 ಅಡಿ. ಅಲ್ಲಿಗೆ ಸೆಕೆಂಡಿಗೆ ಹತ್ತಿರ ಹತ್ತಿರ 6 ಬಡಿತ, ಅಂದ್ರೆ 6 ಹರ್ಟ್ಸ್. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯ ಕಾಂಕ್ರೀಟ್ ಮೇಲೆ ಟಕ್ ಟಕ್ ಅಂತ ಕೇಳುತ್ತಲ್ಲ, ಅದೇ ಜಾತಿಯದು.

ಯಾವುದೇ ಸ್ಪ್ರಿಂಗ್ ಮೇಲೆ ಭಾರ ಇಟ್ಟಾಗ ಅದು ಎಷ್ಟು ಕುಗ್ಗುತ್ತೆ ಅನ್ನೋದರಿಂದ ಅದರ ಸ್ವಂತ ತಾಳ ಗೊತ್ತಾಗುತ್ತೆ. 50 ಮಿಲಿಮೀಟರ್ ಕುಗ್ಗೋ ಮೆತ್ತನೆ ಸ್ಪ್ರಿಂಗ್‌ನ ತಾಳ ಸುಮಾರು 2.2 ಹರ್ಟ್ಸ್. 6 ಮಿಲಿಮೀಟರ್ ಮಾತ್ರ ಕುಗ್ಗೋ ಗಟ್ಟಿ ಸ್ಪ್ರಿಂಗ್‌ನದು ಸುಮಾರು 6.4 ಹರ್ಟ್ಸ್. ರಸ್ತೆಯ ಬಡಿತ ಸ್ಪ್ರಿಂಗ್‌ನ ತಾಳಕ್ಕಿಂತ 1.4 ಪಟ್ಟು ಮೀರಿದ ಮೇಲೆಯೇ ಸ್ಪ್ರಿಂಗ್ ಕುಲುಕನ್ನ ಕಡಿಮೆ ಮಾಡೋದು. ಎರಡೂ ಹತ್ತಿರ ಬಂದರೆ ಕುಲುಕು ಹೆಚ್ಚುತ್ತೆ. ಜೋಕಾಲಿಯನ್ನ ಅದರ ತಾಳಕ್ಕೆ ಸರಿಯಾಗಿ ತಳ್ಳಿದ ಹಾಗೆ.

ಅಂದ್ರೆ 2.2 ಹರ್ಟ್ಸ್‌ನ ಮೆತ್ತನೆಯದು 6 ಹರ್ಟ್ಸ್ ಬಡಿತವನ್ನ ಚೆನ್ನಾಗಿ ತಡೆಯುತ್ತೆ. 6.4 ಹರ್ಟ್ಸ್‌ನ ಗಟ್ಟಿಯದು ಅದೇ ರಸ್ತೆಯಲ್ಲಿ ಅದೇ ಬಡಿತಕ್ಕೆ ತಾಳ ಹಾಕುತ್ತೆ. ಎರಡರ ಪೆಟ್ಟಿಗೆ ಮೇಲೂ ಕುಷನ್ ಅಂತಲೇ ಬರೆದಿರುತ್ತೆ! ಟ್ರಕ್ಕಿಗೆ ತನ್ನದೇ ಸ್ಪ್ರಿಂಗ್, ಟೈರ್ ಇರೋದರಿಂದ ನಿಜವಾದ ಲೆಕ್ಕ ಇಷ್ಟು ಸರಳ ಅಲ್ಲ. ಆದರೂ ದಿಕ್ಕು ಇದೇ: ಕುಷನ್ ನಿಮ್ಮ ಪಿನ್ ಭಾರಕ್ಕೆ ಹೊಂದಬೇಕು. 3,000 ಪೌಂಡ್ ಪಿನ್‌ಗೆ ಮಾಡಿದ ರಬ್ಬರ್ 1,500 ಪೌಂಡ್ ಪಿನ್ ಕೆಳಗೆ ಬಹುತೇಕ ಕಲ್ಲು.

ಸ್ಪ್ರಿಂಗ್ ಜೊತೆ ಡ್ಯಾಂಪರ್ ಕೂಡ ಬೇಕು, ಅಂದ್ರೆ ಶಾಕ್ ಅಬ್ಸಾರ್ಬರ್. ಸ್ಪ್ರಿಂಗ್ ಪೆಟ್ಟನ್ನ ತಗೊಂಡು ವಾಪಸ್ ಕೊಡುತ್ತೆ, ಡ್ಯಾಂಪರ್ ಅದನ್ನ ಶಾಖ ಮಾಡಿ ಮುಗಿಸುತ್ತೆ. ರಬ್ಬರ್‌ನಲ್ಲಿ ಈ ಗುಣ ಸ್ವಲ್ಪ ಹುಟ್ಟಿನಿಂದಲೇ ಇದೆ. ಬರೀ ಏರ್ ಬ್ಯಾಗ್‌ನಲ್ಲಿ ಕಡಿಮೆ, ಅದಕ್ಕೇ ಒಳ್ಳೆ ಏರ್ ಹಿಚ್‌ಗಳಲ್ಲಿ ಪಕ್ಕದಲ್ಲಿ ಶಾಕ್ ಅಬ್ಸಾರ್ಬರ್ ಇರುತ್ತೆ. ಇಲ್ಲದಿದ್ದರೆ ಒಂದು ಉಬ್ಬಿಗೆ ಮೂರು ಸಲ ಕುಣಿಯುತ್ತೆ.

ಏರ್, ರಬ್ಬರ್: ಯಾವುದು ಯಾರಿಗೆ?

ಏರ್ ಬ್ಯಾಗ್‌ನ ದೊಡ್ಡ ಅನುಕೂಲ, ಗಾಳಿ ಹೆಚ್ಚು ಕಡಿಮೆ ಮಾಡಿ ಭಾರಕ್ಕೆ ಹೊಂದಿಸಬಹುದು. ಭಾರ ಹೆಚ್ಚಾದಾಗ ಒತ್ತಡ ಹೆಚ್ಚಿಸಿದರೆ ಗಡಸೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತೆ, ತಾಳ ಹೆಚ್ಚು ಬದಲಾಗಲ್ಲ. ಮೇಲೆ ಕೆಳಗಿನ ಕುಲುಕಿಗೆ ಇದು ಒಳ್ಳೇದು. ಆದರೆ ಗಾಳಿ ಕಡಿಮೆ ಆದರೆ ಕೆಳಗೆ ಕಚ್ಚುತ್ತೆ, ಹೆಚ್ಚಾದರೆ ಮೇಲೆ ಕಚ್ಚುತ್ತೆ. ಎರಡರಲ್ಲೂ ಉಕ್ಕಿಗೆ ಉಕ್ಕು, ಕುಷನ್ ಸೊನ್ನೆ. ಕ್ಯಾಂಪರ್ ಕಟ್ಟಿದ ಮೇಲೆ ನಡುಮಟ್ಟದಲ್ಲಿ ನಿಂತಿದೆಯಾ ಅಂತ ಪ್ರತಿ ಪ್ರಯಾಣಕ್ಕೂ ನೋಡೋ ಅಭ್ಯಾಸ ಇರೋರಿಗೆ ಇದು ಸರಿ.

ರಬ್ಬರ್‌ಗೆ ಗಾಳಿ ಇಲ್ಲ, ಸೋರಿಕೆ ಇಲ್ಲ, ದಿನದ ತಲೆನೋವಿಲ್ಲ. ಮೋರೈಡ್ ಕಂಪನಿಯ ರಬ್ಬರ್ ಪಿನ್ ಬಾಕ್ಸ್‌ನಂಥವು ಹಿಂದೆ ಮುಂದಿನ ಜರ್ಕ್‌ಗೂ ಬಾಗುತ್ತವೆ. ಆದ್ದರಿಂದ ಚಕಿಂಗ್ ಮುಖ್ಯ ದೂರು ಆಗಿದ್ದರೆ ಮೊದಲು ಈ ಕಡೆ ನೋಡಬಹುದು. ಕೊರತೆ ಅಂದ್ರೆ, ಭಾರದ ವ್ಯಾಪ್ತಿ ಕೊಳ್ಳೋವಾಗಲೇ ನಿಗದಿ, ಆಮೇಲೆ ಬದಲಿಸೋಕೆ ಆಗಲ್ಲ. ವರ್ಷಗಳಾದ ಮೇಲೆ ರಬ್ಬರ್ ಬಿರುಕು ಬಿಡುತ್ತೆ, ಕಣ್ಣಿಟ್ಟಿರಬೇಕು.

ಹಿಚ್‌ಗೋ ಪಿನ್ ಬಾಕ್ಸ್‌ಗೋ ಅನ್ನೋದಕ್ಕೆ ಸುಲಭ ಉತ್ತರ: ಮುಂದೆ ಟ್ರಕ್ ಬದಲಾಯಿಸೋರು ಪಿನ್ ಬಾಕ್ಸ್‌ನಲ್ಲಿ ಕುಷನ್ ಇಡಲಿ, ಅದು ಕ್ಯಾಂಪರ್ ಜೊತೆ ಉಳಿಯುತ್ತೆ. ಕ್ಯಾಂಪರ್ ಬದಲಾಯಿಸೋರು ಹಿಚ್‌ನಲ್ಲಿ ಇಡಲಿ. ಪೇಲೋಡ್ ಬಿಗಿ ಇರೋರು ಭಾರವಾದ ಏರ್ ಹಿಚ್ ಬಿಟ್ಟು, ಹಗುರ ಹಿಚ್ ಮತ್ತು ಕುಷನ್ ಪಿನ್ ಬಾಕ್ಸ್ ಯೋಚಿಸಲಿ. ಆದರೆ ಪಿನ್ ಬಾಕ್ಸ್‌ನ ಭಾರವೂ ಪಿನ್ ವೆಯ್ಟ್‌ಗೇ ಸೇರುತ್ತೆ, ಮರೀಬೇಡಿ. ಎರಡೂ ಕಡೆ ಕುಷನ್ ಹಾಕೋದು ಬೇಡ. ಸ್ಪ್ರಿಂಗ್ ಮೇಲೆ ಸ್ಪ್ರಿಂಗ್ ಇಟ್ಟರೆ ಒಂದರ ಕುಣಿತ ಇನ್ನೊಂದಕ್ಕೆ ಸೇರುತ್ತೆ.

ಬೆಡ್ ಚಿಕ್ಕದಿದ್ದರೆ

ಕ್ಯಾಂಪರ್ ಅಗಲ ಹೆಚ್ಚಂದ್ರೆ ಎಂಟೂವರೆ ಅಡಿ. ಅಂದ್ರೆ ಪಿನ್‌ನಿಂದ ಪಕ್ಕಕ್ಕೆ 51 ಇಂಚು. ಸುಮಾರು ಆರೂವರೆ ಅಡಿಯ ಚಿಕ್ಕ ಬೆಡ್‌ನಲ್ಲಿ ಪೂರ್ತಿ ತಿರುಗಿಸಿದರೆ ಕ್ಯಾಂಪರ್ ಮೂಲೆ ಟ್ರಕ್ಕಿನ ಹಿಂದಿನ ಗಾಜಿಗೆ ಬಡಿಯಬಹುದು. ಅದಕ್ಕೇ ಹಿಂದಕ್ಕೆ ಜಾರೋ ಸ್ಲೈಡರ್ ಹಿಚ್ ಇವೆ. ಕೆಲವನ್ನ ಕೈಯಲ್ಲಿ ಜಾರಿಸಬೇಕು, ಪುಲ್‌ರೈಟ್ ಕಂಪನಿಯ ಸೂಪರ್‌ಗ್ಲೈಡ್ ತಿರುವಿನಲ್ಲಿ ತಾನೇ ಜಾರುತ್ತೆ. ತಾನೇ ತಿರುಗೋ ಪಿನ್ ಬಾಕ್ಸ್ ಜೊತೆ ತಾನೇ ಜಾರೋ ಹಿಚ್ ಸೇರಲ್ಲ. ಇಬ್ಬರು ತಯಾರಕರ ಕೈಪಿಡಿಯನ್ನೂ ಓದಿ ಕೊಳ್ಳಿ.

ಇನ್ನು ಗೂಟಕ್ಕೆ ಉದ್ದ ಕೊಳವೆ ಸೇರಿಸಿ ಬೆಡ್‌ನ ಗುಂಡಿಗೆ ಕೂರಿಸೋ ಗೂಸ್‌ನೆಕ್ ಅಡಾಪ್ಟರ್. ಹಗುರ, ಅಗ್ಗ. ಆದರೆ ಉದ್ದನೆಯ ಹಿಡಿ ಇದ್ದಷ್ಟೂ ಸ್ಪ್ಯಾನರ್‌ಗೆ ಬಲ ಹೆಚ್ಚಲ್ವಾ, ಹಾಗೇ ಕ್ಯಾಂಪರ್ ಫ್ರೇಮ್ ಮೇಲೆ ತಿರುಚು ಹೆಚ್ಚುತ್ತೆ. ಫ್ರೇಮ್ ವಾರಂಟಿಯ ಷರತ್ತು ಓದದೆ ಹಾಕಿಸಬೇಡಿ.

ಕುಷನ್ ಹಿಚ್ ಹಾಕಿದ ಮೇಲೆ ಎತ್ತರವನ್ನೂ ಅಳೀಬೇಕು. ಬೆಡ್‌ನ ಅಂಚಿಗೂ ಕ್ಯಾಂಪರ್ ಮೂತಿಗೂ ನಡುವೆ ಆರು ಇಂಚಿನಷ್ಟು ಜಾಗ ಬೇಕು. ಏರ್ ಬ್ಯಾಗ್ ಕುಗ್ಗಿದಾಗಲೂ ಅಲ್ಲಿ ಜಾಗ ಉಳಿಯಬೇಕು.

ಕೊನೆಗೆ ಕ್ರಮ ಇಷ್ಟೇ

ಬಾಗಿಲ ಚೀಟಿ ಓದಿ, ತೂಕದ ಕಟ್ಟೆಗೆ ಹೋಗಿ. ತೂಕ ಮೀರಿದ್ದರೆ ಟ್ರಕ್ ದೊಡ್ಡದಾಗಬೇಕು ಅಥವಾ ಕ್ಯಾಂಪರ್ ಚಿಕ್ಕದಾಗಬೇಕು, ಹಿಚ್ ಮಾತು ಅಲ್ಲಿಗೆ ನಿಲ್ಲಲಿ. ತೂಕ ಸರಿ ಇದ್ದರೆ ಬ್ರೇಕ್, ಟೈರ್, ದವಡೆ ನೋಡಿ. ಆಮೇಲೂ ಕುಲುಕು ಇದ್ದರೆ ಅದರ ದಿಕ್ಕು ಗುರುತಿಸಿ, ನಿಮ್ಮ ಪಿನ್ ವೆಯ್ಟ್‌ಗೆ ಹೊಂದೋ ಕುಷನ್ ತಗೊಳ್ಳಿ.

ಯಾವ ಹಿಚ್ ಆದರೂ, ಕಟ್ಟಿದ ಮೇಲೆ ಟಾರ್ಚ್ ಹಿಡಿದು ದವಡೆ ಗೂಟದ ಸುತ್ತ ಮುಚ್ಚಿದೆಯಾ, ಗೂಟ ದವಡೆಯ ಮೇಲೇ ಕೂತುಬಿಟ್ಟಿದೆಯಾ ಅಂತ ಕಣ್ಣಾರೆ ನೋಡಿ. ಕ್ಯಾಂಪರ್‌ನ ಕಾಲುಗಳು ನೆಲದ ಮೇಲಿರುವಾಗಲೇ, ಅದರ ಬ್ರೇಕ್ ಹಿಡಿದು, ಟ್ರಕ್ಕನ್ನ ಮೆಲ್ಲಗೆ ಮುಂದಕ್ಕೆ ಎಳೆದು ನೋಡಿ. ಕಳಚೋದಿದ್ದರೆ ಅಲ್ಲೇ ಕಳಚಲಿ. ಬ್ರೇಕ್‌ಅವೇ ಕೇಬಲ್ ಸಿಕ್ಕಿಸೋದು ಮರೀಬೇಡಿ.

ಡಲ್ಲಾಸ್‌ನಲ್ಲೋ ಫೀನಿಕ್ಸ್‌ನಲ್ಲೋ ಇರೋ ನಿಮ್ಮವರು ಈ ಸಲ ಫೋನ್ ಮಾಡಿ "ಯಾವ ಹಿಚ್ ಒಳ್ಳೇದು?" ಅಂತ ಕೇಳಿದರೆ, ಬ್ರ್ಯಾಂಡ್ ಹೆಸರು ಹೇಳೋ ಮುಂಚೆ ಒಂದೇ ಮಾತು ಕೇಳಿ: "ಬಾಗಿಲ ಚೀಟಿಯಲ್ಲಿ ಎಷ್ಟಿದೆ?"